ವಿಶ್ರಾಂತಿಯೋ ಪ್ರಮಾದವೋ? ಚಳಿಗಾಲದ ರಜೆ ಮತ್ತು ಶ್ರಾವಕಧರ್ಮ

ದುಡಿಮೆಯ ನೀತಿಯನ್ನು ಕುರಿತು ಶ್ರಾವಕಾಚಾರ ಗ್ರಂಥಗಳು ವಿಸ್ತಾರವಾಗಿ ಹೇಳಿವೆ. ನ್ಯಾಯವಾಗಿ ಗಳಿಸಬೇಕು, ಅಳತೆ ತೂಕಗಳಲ್ಲಿ ಮೋಸ ಮಾಡಬಾರದು, ಜೀವಹಿಂಸೆಗೆ ಎಡೆಗೊಡುವ ವ್ಯಾಪಾರಗಳಿಂದ ದೂರವಿರಬೇಕು ಎಂಬ ಉಪದೇಶವನ್ನು ಜೈನ ಮನೆತನದಲ್ಲಿ ಹುಟ್ಟಿದವರು ಎಳವೆಯಿಂದಲೇ ಕೇಳಿರುತ್ತಾರೆ. ಆದರೆ ವಿರಾಮಕ್ಕೂ ಒಂದು ನೀತಿಯುಂಟು ಎಂಬ ವಿಚಾರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ಮನುಷ್ಯನು ಎಷ್ಟು ಮಲಗುತ್ತಾನೆ, ಏನನ್ನು ತಿನ್ನುತ್ತಾನೆ, ಏನನ್ನು ಓದುತ್ತಾನೆ, ಯಾರಿಂದ ಸೇವೆ ಪಡೆಯುತ್ತಾನೆ ಎಂಬುದೆಲ್ಲ ಧರ್ಮದ ಗಡಿಯಾಚೆಗಿನ ವಿಷಯವೆಂಬ ಭಾವನೆ ರೂಢವಾಗಿದೆ. ವಿಚಾರಮಾಡಿ ನೋಡಿದರೆ ಇದಕ್ಕೆ ವಿರುದ್ಧವಾದುದೇ ಸತ್ಯ. ದುಡಿಯುವ ದಿನಗಳಲ್ಲಿ ಗೃಹಸ್ಥನಿಗೆ ಮಿತಿಯನ್ನು ಹಾಕುವವರು ಬೇರೆಯವರು: ಕಚೇರಿಯ ಗಡಿಯಾರ, ಮೇಲಧಿಕಾರಿ, ಬಸ್ಸಿನ ವೇಳೆ, ಮಕ್ಕಳ ಶಾಲೆ. ರಜೆಯಲ್ಲಿ ಈ ಕಟ್ಟುಗಳೆಲ್ಲ ಕಳಚುತ್ತವೆ. ಆಗ ಉಳಿಯುವುದು ತನಗೆ ತಾನೇ ಹಾಕಿಕೊಳ್ಳುವ ಮಿತಿಯೊಂದೇ. ವ್ರತವೆಂದರೆ ಇದೇ ಅಲ್ಲವೇ?

ಬೆಂಗಳೂರಿನ ಉತ್ತರ ಭಾಗದ ಸಂಜಯನಗರವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಗೆದ್ದಲಹಳ್ಳಿ, ಭೂಪಸಂದ್ರ, ನಾಗಶೆಟ್ಟಿಹಳ್ಳಿಗಳೆಂಬ ಹಳೆಯ ಊರುಗಳ ನೆರೆಯಲ್ಲಿ ಬೆಳೆದ ಈ ಬಡಾವಣೆಯ ಒಂದು ಕಡೆಗೆ ಬಳ್ಳಾರಿ ರಸ್ತೆ, ಇನ್ನೊಂದು ಕಡೆಗೆ ಹೊಸ ಬಿಇಎಲ್ ರಸ್ತೆ. ಡಿಸೆಂಬರ್ ಕೊನೆಯ ವಾರ ಬಂತೆಂದರೆ ಇಲ್ಲಿನ ಬೀದಿಗಳ ನಡಿಗೆಯೇ ನಿಧಾನವಾಗುತ್ತದೆ. ಅನೇಕ ಶಾಲೆಗಳಿಗೆ ರಜೆ. ಎಷ್ಟೋ ಕಚೇರಿಗಳಲ್ಲಿ ವರ್ಷದ ಉಳಿದ ರಜೆಯನ್ನು ಮುಗಿಸಿಕೊಳ್ಳುವ ಸಮಯ. ಬೆಳಗಿನ ಮಂಜಿನಲ್ಲಿ ತಳ್ಳುಗಾಡಿಗಳ ಮೇಲೆ ಸೊನೆ ಅವರೆಕಾಯಿಯ ರಾಶಿ ಘಮಘಮಿಸುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಬಳ್ಳಾರಿ ರಸ್ತೆಯಲ್ಲಿ ಪ್ರವಾಸಿಗರ ವಾಹನಗಳ ಸಾಲು ಹಗಲಿರುಳೂ ಸಾಗುತ್ತಿರುತ್ತದೆ. ಊರು ಬಿಟ್ಟು ಹೋಗದವರು ಮನೆಯಲ್ಲಿಯೇ ರಜೆಯನ್ನು ಸವಿಯುತ್ತಾರೆ. ಒಂದು ಗಂಟೆ ತಡವಾಗಿ ಏಳುವುದು, ತಾರಸಿಯ ಎಳೆಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಎರಡನೆಯ ಲೋಟ ಕಾಫಿ ಕುಡಿಯುವುದು, ಬಹುದಿನಗಳಿಂದ ಕಾದಿರಿಸಿದ ಪುಸ್ತಕವನ್ನು ತೆರೆಯುವುದು, ಬೆಚ್ಚನೆಯ ಹೊಸ ಶಾಲು ಹೊದೆಯುವುದು: ಇವು ಅವರ ಚಿಕ್ಕ ಚಿಕ್ಕ ಸುಖಗಳು. ಧರ್ಮವನ್ನು ನಂಬಿದ ಗೃಹಸ್ಥನ ಮನಸ್ಸಿನಲ್ಲಿ ಇಲ್ಲಿಯೇ ಒಂದು ಅಳುಕು ಮೂಡುತ್ತದೆ. ಇದು ವಿಶ್ರಾಂತಿಯೋ, ಪ್ರಮಾದವೋ?

ಶಾಸ್ತ್ರವು ದಣಿವನ್ನು ಬಲ್ಲದು

ಜೈನಧರ್ಮವು ದೇಹದಂಡನೆಯನ್ನಷ್ಟೇ ಬೋಧಿಸುತ್ತದೆಂದು ತಿಳಿದವರು ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ನೋಡಬೇಕು. ಕನ್ನಡ ನಾಡಿನ ಹೆಮ್ಮೆಯ ಆಚಾರ್ಯರಾದ ಅವರು ತತ್ತ್ವಾರ್ಥಸೂತ್ರಕ್ಕೆ ಬರೆದ ಈ ವ್ಯಾಖ್ಯಾನದಲ್ಲಿ ದರ್ಶನಾವರಣೀಯ ಕರ್ಮದ ಭೇದಗಳನ್ನು ವಿವರಿಸುವಾಗ ನಿದ್ರೆಯ ಐದು ಬಗೆಗಳು ಬರುತ್ತವೆ: ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ. ಇವುಗಳಲ್ಲಿ ಮೊದಲನೆಯದು ಆಯಾಸವನ್ನೂ ಬಳಲಿಕೆಯನ್ನೂ ಕಳೆದುಕೊಳ್ಳುವುದಕ್ಕಾಗಿ ಮಲಗುವುದು. ಎರಡನೆಯದು ಅದೇ ನಿದ್ರೆ ಮತ್ತೆ ಮತ್ತೆ ಮೇಲೆ ಬಂದು ಕವಿಯುವುದು. ಎರಡೂ ಕರ್ಮದ ಫಲವೇ. ಆದರೂ ಒಂದೇ ಹೆಸರಿನಿಂದ ಕರೆಯದೆ ಆಚಾರ್ಯರು ಅವುಗಳನ್ನು ಬೇರೆಬೇರೆಯಾಗಿಸಿದ್ದಾರೆ. ದಣಿದ ದೇಹಕ್ಕೆ ಬೇಕಾದ ನಿದ್ರೆ ಒಂದು. ದಣಿವು ತೀರಿದ ಮೇಲೂ ಹಾಸಿಗೆಗೆ ಅಂಟಿಸುವ ನಿದ್ರೆಯ ಮೇಲಿನ ನಿದ್ರೆ ಇನ್ನೊಂದು.

ವಿರಾಮದ ವಿಷಯದಲ್ಲಿ ಈ ವಿವೇಕ ಬಹಳ ಉಪಯುಕ್ತ. ವರ್ಷವಿಡೀ ಹೆಬ್ಬಾಳದ ಮೇಲ್ಸೇತುವೆಯ ವಾಹನಗಳ ನಡುವೆ ದಿನಕ್ಕೆರಡು ಬಾರಿ ಸಿಲುಕಿ ಬಳಲಿದವನು ರಜೆಯ ಮೊದಲ ಎರಡು ದಿನ ಹೆಚ್ಚು ಹೊತ್ತು ಮಲಗಿದರೆ ಅದರಲ್ಲಿ ನಾಚಿಕೊಳ್ಳುವಂಥದೇನೂ ಇಲ್ಲ. ಧರ್ಮಸಾಧನೆಗೂ ದೇಹವೇ ಆಧಾರ. ಆದರೆ ಹತ್ತನೆಯ ದಿನವೂ ಹಾಗೆಯೇ ಮಲಗಿದರೆ ಅವನು ಕಳೆಯುತ್ತಿರುವುದು ದಣಿವನ್ನಲ್ಲ, ಆಯುಷ್ಯವನ್ನು. ಪ್ರಮಾದದ ಹದಿನೈದು ಭೇದಗಳಲ್ಲಿ ನಿದ್ರೆಯನ್ನು ಸೇರಿಸಿರುವುದು ಈ ಎಚ್ಚರಕ್ಕಾಗಿ. ವಿಶ್ರಾಂತಿಗೆ ಒಂದು ಕೊನೆಯುಂಟು, ಅದು ತೀರಿದಾಗ ಮನುಷ್ಯನಿಗೆ ಏಳಬೇಕೆನಿಸುತ್ತದೆ. ಪ್ರಮಾದಕ್ಕೆ ಕೊನೆಯಿಲ್ಲ, ಅದು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತ ಹೋಗುತ್ತದೆ.

ಋತುವಿಗೊಂದು ನಿಯಮ

ಇನ್ನು ಚಿಕ್ಕ ಸುಖಗಳ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಪರಿಮಾಣವನ್ನು ಗುಣವ್ರತಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಡುವ ಅನ್ನಪಾನಾದಿಗಳು ಭೋಗ. ಮತ್ತೆ ಮತ್ತೆ ಬಳಸುವ ಬಟ್ಟೆ ಒಡವೆಗಳು ಉಪಭೋಗ. ಇವುಗಳಿಗೆ ಅಳತೆ ಹಾಕಿಕೊಳ್ಳುವುದೇ ವ್ರತ. ಜೀವಮಾನವಿಡೀ ಹಿಡಿಯುವ ಮಿತಿ ಯಮವೆನಿಸಿದರೆ, ಗೊತ್ತಾದ ಕಾಲಕ್ಕೆ ಮಾತ್ರ ಹಿಡಿಯುವ ಮಿತಿ ನಿಯಮವೆನಿಸುತ್ತದೆ. ಆ ಕಾಲವು ಒಂದು ಹಗಲಾಗಬಹುದು, ಒಂದು ರಾತ್ರಿಯಾಗಬಹುದು, ಪಕ್ಷ, ತಿಂಗಳು, ಋತು ಅಥವಾ ಅಯನವೂ ಆಗಬಹುದು. ಊಟ, ವಾಹನ, ಹಾಸಿಗೆ, ಸ್ನಾನ, ಹೂವು, ತಾಂಬೂಲ, ಉಡುಗೆ ತೊಡುಗೆ, ಸಂಗೀತ, ಇವೆಲ್ಲ ಆಚಾರ್ಯರ ಪಟ್ಟಿಯಲ್ಲಿವೆ.

ಇಲ್ಲಿ ಗಮನಿಸತಕ್ಕ ಅಂಶ ಎರಡು. ಗೃಹಸ್ಥನಿಗೆ ಸುಖಗಳಿರುತ್ತವೆ ಎಂಬುದನ್ನು ಆಚಾರ್ಯರು ಒಪ್ಪಿಯೇ ಮುಂದುವರಿದಿದ್ದಾರೆ. ಸುಖವೇ ಇಲ್ಲದವನಿಗೆ ಪರಿಮಾಣದ ಮಾತೇ ಬೇಕಿಲ್ಲ. ಎರಡನೆಯದಾಗಿ, ಒಂದು ಋತುವಿಗೆ ಒಂದು ನಿಯಮ ಹಿಡಿಯುವುದಕ್ಕೆ ಅವರೇ ದಾರಿ ತೋರಿಸಿದ್ದಾರೆ. ಆದಿ ಅಂತ್ಯಗಳು ಮೊದಲೇ ಗೊತ್ತಿರುವ ಹತ್ತು ದಿನಗಳ ರಜೆ ಇಂತಹ ನಿಯಮಕ್ಕೆ ತಾನಾಗಿಯೇ ಒದಗಿಬಂದ ಕಾಲ. ಈ ರಜೆಯಲ್ಲಿ ಹೊರಗಿನ ತಿಂಡಿ ಎರಡೇ ಬಾರಿ, ಹೊಸ ಬಟ್ಟೆ ಒಂದೇ, ಬಿಸಿನೀರು ಒಂದೇ ಬಕೆಟ್ಟು ಎಂದು ಮೊದಲ ದಿನವೇ ಗೊತ್ತುಮಾಡಿಕೊಂಡವನು ಆ ಎರಡು ಬಾರಿಯ ತಿಂಡಿಯನ್ನು ಅಳುಕಿಲ್ಲದೆ ಸವಿಯಬಹುದು. ಸ್ನಾನಕ್ಕೂ ಅಳತೆಯೇ ಎಂದು ನಗುವವರು ಒಂದು ವಿಷಯವನ್ನು ನೆನೆಯಬೇಕು. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳು ಮೇಲೆತ್ತಿ ತರುತ್ತವೆ. ಪ್ರಯೋಜನವಿಲ್ಲದೆ ನೀರನ್ನು ಚೆಲ್ಲುವುದೂ, ಬೆಂಕಿಯನ್ನು ಉರಿಸುವುದೂ ಅನರ್ಥದಂಡದ ಒಂದು ಭೇದವಾದ ಪ್ರಮಾದಚರ್ಯೆ. ಅರ್ಧ ಗಂಟೆ ಬಿಸಿನೀರನ್ನು ಸುರಿದುಕೊಳ್ಳುವವನು ಇವೆರಡನ್ನೂ ಒಟ್ಟಿಗೆ ಮಾಡುತ್ತಾನೆ.

ಈ ವ್ರತಕ್ಕೆ ಆಚಾರ್ಯರು ಹೇಳಿದ ಅತಿಚಾರಗಳು ಇನ್ನೂ ಸೂಕ್ಷ್ಮ. ಅನುಭವಿಸಿದ ಸುಖವನ್ನು ಮತ್ತೆ ಮತ್ತೆ ನೆನೆಯುವುದು ಒಂದು ದೋಷ. ಮುಂದಿನ ಸುಖಕ್ಕಾಗಿ ಹಂಬಲಿಸುವುದು ಇನ್ನೊಂದು. ಇಂದಿನ ರಜೆಗಳನ್ನು ಕೆಡಿಸುತ್ತಿರುವುದು ಈ ಎರಡೇ. ತಟ್ಟೆಯಲ್ಲಿರುವ ತಿಂಡಿಯ ಚಿತ್ರ ತೆಗೆದು ಹತ್ತು ಮಂದಿಗೆ ಕಳುಹಿಸುವಷ್ಟರಲ್ಲಿ ಅದು ಆರಿಹೋಗಿರುತ್ತದೆ. ಈ ವರ್ಷದ ಪ್ರವಾಸದಲ್ಲಿ ಕುಳಿತು ಮುಂದಿನ ವರ್ಷದ ಪ್ರವಾಸದ ಲೆಕ್ಕ ನಡೆಯುತ್ತಿರುತ್ತದೆ. ಮಿತಿಯಿಲ್ಲದವನಿಗೆ ಸುಖವು ಹೆಚ್ಚಾಗಿ ಸಿಗುತ್ತದೆಂಬುದು ಭ್ರಮೆ. ಅವನ ಪಾಲಿಗೆ ಸುಖವು ನೆನಪಿನಲ್ಲೋ ಆಸೆಯಲ್ಲೋ ಇರುತ್ತದೆಯೇ ಹೊರತು ಕೈಯಲ್ಲಿರುವುದಿಲ್ಲ.

ಸಾಸಿವೆಯ ಕಾಳು ಚುಚ್ಚಿದಾಗ

ಸುಖವು ಚಿಕ್ಕದು, ಆದ್ದರಿಂದ ನಿರ್ದೋಷ ಎಂಬ ವಾದವೂ ಪರೀಕ್ಷೆಗೆ ಅರ್ಹ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯದು. ಅವನ ಮನೆಗೆ ಅರಸನು ಬಂದಾಗ ತಾಯಿ ಯಶೋಭದ್ರೆ ಇಬ್ಬರನ್ನೂ ಕುಳ್ಳಿರಿಸಿ, ಸೇಸೆಯಿಕ್ಕಿ, ಆರತಿಯೆತ್ತುತ್ತಾಳೆ. ಸುಕುಮಾರನು ಕುಳಿತಲ್ಲಿಯೇ ಮಿಸುಕುತ್ತಾನೆ, ಅವನ ಕಣ್ಣಲ್ಲಿ ನೀರು ಬರುತ್ತದೆ, ಊಟದಲ್ಲಿ ಕೆಲವು ಅಗುಳುಗಳನ್ನು ಮಾತ್ರ ನುಂಗಿ ಉಳಿದವನ್ನು ಬಿಡುತ್ತಾನೆ. ಇದೇನು ರೋಗವೆಂದು ಅರಸನು ಮರುಗಿದಾಗ ತಾಯಿ ಕಾರಣ ಹೇಳುತ್ತಾಳೆ. ಸೇಸೆಯ ಸಾಸಿವೆ ಅವನ ಮೈಗೆ ಒತ್ತಿತು. ರತ್ನಗಳ ಬೆಳಕಿಗೆ ಒಗ್ಗಿದ ಕಣ್ಣಿಗೆ ದೀಪದ ಕುಡಿ ತಾಳದಾಯಿತು. ತಾವರೆಯ ಕಂಪನ್ನು ಹಿಡಿದ ಅಕ್ಕಿಯ ಅನ್ನದೊಡನೆ ಬೇರೆ ಅಕ್ಕಿ ಬೆರೆತಿತ್ತು.

ಕಥೆಯನ್ನು ಓದಿದವರು ಈ ಸೌಕುಮಾರ್ಯಕ್ಕೆ ಬೆರಗಾಗುತ್ತಾರೆ. ಆದರೆ ಅದರಲ್ಲಿ ಅಡಗಿದ ಎಚ್ಚರಿಕೆ ಇಷ್ಟು: ಸುಕುಮಾರನಿಗೆ ತಾನು ಸುಖದಲ್ಲಿದ್ದೇನೆಂಬುದೇ ತಿಳಿದಿರಲಿಲ್ಲ. ಪ್ರತಿದಿನವೂ ದೊರೆಯುವ ಸುಖವು ಸುಖವೆಂದು ತೋರುವುದನ್ನು ಬಿಟ್ಟುಬಿಡುತ್ತದೆ. ಅದು ಇಲ್ಲದಾಗ ಆಗುವ ನೋವು ಮಾತ್ರ ಉಳಿಯುತ್ತದೆ. ಆದ್ದರಿಂದ ಸುಖದ ಗಾತ್ರವನ್ನು ಅದರ ಬೆಲೆಯಿಂದ ಅಳೆಯಲಾಗದು. ಅದು ತಪ್ಪಿದ ದಿನ ಮನಸ್ಸು ಎಷ್ಟು ಕೆರಳುತ್ತದೆ ಎಂಬುದರಿಂದ ಅಳೆಯಬೇಕು. ಎರಡನೆಯ ಲೋಟ ಕಾಫಿ ತಡವಾದುದಕ್ಕೆ ಹೆಂಡತಿಯ ಮೇಲೆ ಸಿಡುಕುವವನಿಗೆ ಆ ಕಾಫಿ ಚಿಕ್ಕ ಸುಖವಲ್ಲ. ಅದು ಅವನ ಸಾಸಿವೆಯ ಕಾಳು. ಹಾಲು ಕೆಟ್ಟಿದ್ದರೆ ನಕ್ಕು ಸುಮ್ಮನಾಗಬಲ್ಲವನಿಗೆ ಅದೇ ಕಾಫಿ ನಿಜವಾಗಿಯೂ ಚಿಕ್ಕದು. ಪರಿಗ್ರಹವು ವಸ್ತುವಿನಲ್ಲಿಲ್ಲ, ಮೂರ್ಛೆಯಲ್ಲಿದೆ ಎಂಬ ಸಿದ್ಧಾಂತದ ಅರ್ಥವೂ ಇದೇ.

ಕಥೆಯ ಉಳಿದ ಭಾಗವೂ ಮುಖ್ಯ. ಅದೇ ಸುಕುಮಾರನು ದೀಕ್ಷೆ ವಹಿಸಿ ಬರಿಗಾಲಿನಲ್ಲಿ ನಡೆದು, ನರಿಯೊಂದು ಮರಿಗಳೊಡನೆ ಬಂದು ದೇಹವನ್ನು ತಿನ್ನುತ್ತಿದ್ದರೂ ಅಲುಗದೆ ಸಮಾಧಿಯನ್ನು ಸಾಧಿಸಿದನು. ಸಾಸಿವೆಯನ್ನು ತಾಳದ ದೇಹವೇ ಇದನ್ನೂ ತಾಳಿತು. ಸೌಖ್ಯಕ್ಕೆ ಒಗ್ಗಿದವನು ಮತ್ತೆ ಗಟ್ಟಿಯಾಗಲಾರನೆಂಬ ನಿರಾಶೆಗೆ ಜೈನಧರ್ಮದಲ್ಲಿ ಎಡೆಯಿಲ್ಲ.

ಕೆಲವರು ಭರತೇಶನ ಹೆಸರು ಹೇಳಿ ತಪ್ಪಿಸಿಕೊಳ್ಳುವುದುಂಟು. ಭೋಗದ ನಡುವೆಯೂ ಭರತ ಚಕ್ರವರ್ತಿ ನಿರ್ಲಿಪ್ತನಾಗಿದ್ದನಲ್ಲವೇ ಎಂಬುದು ಅವರ ವಾದ. ರತ್ನಾಕರವರ್ಣಿಯು ಭರತೇಶವೈಭವದ ಮೊದಲ ಭಾಗಕ್ಕೆ ಭೋಗವಿಜಯವೆಂದು ಹೆಸರಿಟ್ಟಿದ್ದಾನೆ. ಅದು ಭೋಗದ ಮೇಲೆ ಪಡೆದ ವಿಜಯ. ಆ ಭಾಗದಲ್ಲಿ ಮುನಿಭುಕ್ತಿ ಸಂಧಿ ಮೊದಲು ಬರುತ್ತದೆ, ರಾಜಭುಕ್ತಿ ಸಂಧಿ ಅನಂತರ. ಮುನಿಗಳಿಗೆ ಆಹಾರವಿತ್ತ ಮೇಲೆಯೇ ಚಕ್ರವರ್ತಿಯ ಊಟ. ಈ ಕ್ರಮವನ್ನು ಬಿಟ್ಟು ರಾಜಭುಕ್ತಿಯನ್ನಷ್ಟೇ ಹಿಡಿದವರು ಭರತೇಶನನ್ನು ಅನುಸರಿಸಿದಂತಾಗುವುದಿಲ್ಲ.

ವ್ರತವು ಕೊಡುವ ಸಂಜೆ

ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯನು ಸುಮಾರು ಆರು ಗಂಟೆಗೆ ಮುಳುಗುತ್ತಾನೆ. ರಾತ್ರಿಭೋಜನ ತ್ಯಾಗವನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಅದಕ್ಕೂ ಎರಡು ಗಳಿಗೆ, ಎಂದರೆ 48 ನಿಮಿಷ ಮೊದಲೇ ಊಟ ಮುಗಿಸುತ್ತಾರೆ. ಕಚೇರಿಯಿಂದ ಏಳು ಗಂಟೆಗೆ ಮನೆ ಸೇರುವ ಉದ್ಯೋಗಿಗೆ ಇದು ವರ್ಷದ ಅತ್ಯಂತ ಕಠಿನವಾದ ಕಾಲ. ಸಂಜೆಯ ಡಬ್ಬಿಯನ್ನು ಕೆಲಸದ ಮೇಜಿನ ಬಳಿಯೇ ಒಬ್ಬನೇ ತೆರೆಯಬೇಕು, ಇಲ್ಲವೇ ವ್ರತವನ್ನು ಸಡಿಲಿಸಬೇಕು. ರಜೆಯಲ್ಲಿ ಮಾತ್ರ ಮನೆಮಂದಿಯೆಲ್ಲ ಹಗಲ ಬೆಳಕಿನಲ್ಲಿ ಒಟ್ಟಿಗೆ ಕುಳಿತು ಉಣ್ಣುವುದು ಸಾಧ್ಯ.

ಹೀಗೆ ಉಂಡ ಮೇಲೆ ಏನಾಗುತ್ತದೆ ಎಂಬುದನ್ನು ಯೋಚಿಸಬೇಕು. ಆರು ಗಂಟೆಯ ಹೊತ್ತಿಗೆ ಅಡುಗೆಮನೆ ತೊಳೆದಿರುತ್ತದೆ, ಒಲೆ ಆರಿರುತ್ತದೆ. ಮಲಗುವುದಕ್ಕೆ ಇನ್ನೂ ನಾಲ್ಕು ಗಂಟೆ ಉಳಿದಿದೆ. ಜೀವದಯೆಗಾಗಿ ಹಿಡಿದ ವ್ರತವು ಕೈಗೆ ಒಂದು ಇಡೀ ಸಂಜೆಯನ್ನು ಇಟ್ಟಿದೆ. ಒಂದು ಮುಹೂರ್ತದ ಸಾಮಾಯಿಕ ಮುಗಿಸಿದರೂ ಮೂರು ಗಂಟೆ ಮಿಗುತ್ತದೆ. ರಜೆಯ ಓದಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಯಾವುದು?

ಅಂತರಂಗ ತಪಸ್ಸುಗಳು ಆರರಲ್ಲಿ ಸ್ವಾಧ್ಯಾಯವೂ ಒಂದು. ಓದನ್ನು ತಪಸ್ಸಿನ ಸಾಲಿಗೆ ಸೇರಿಸಿದ ಧರ್ಮವಿದು. ಆದರೂ ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳನ್ನು ಪೂಜಿಸಿ, ವಸ್ತ್ರದಲ್ಲಿ ಸುತ್ತಿ, ಮುಂದಿನ ಶ್ರುತಪಂಚಮಿಯವರೆಗೆ ಕಪಾಟಿನಲ್ಲಿಡುವ ಮನೆಗಳು ಕಡಿಮೆಯೇನಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಒಂದೊಂದು ಪ್ರತಿಯನ್ನೂ ತಾಳೆಗರಿಯ ಮೇಲೆ ಕಂಟದಿಂದ ಕೊರೆಯಬೇಕಾಗಿದ್ದ ಕಾಲವದು. ಅಷ್ಟು ಶ್ರಮ ಅವು ಓದಿಸಿಕೊಳ್ಳಲಿ ಎಂಬ ಉದ್ದೇಶದಿಂದ ನಡೆಯಿತು, ಪೂಜೆಗೊಳ್ಳಲಿ ಎಂದಷ್ಟೇ ಅಲ್ಲ.

ಏನನ್ನು ಓದಬೇಕೆಂಬ ಪ್ರಶ್ನೆಗೆ ಅನರ್ಥದಂಡದ ದುಃಶ್ರುತಿಯೆಂಬ ಭೇದವು ಉತ್ತರ ಕೊಡುತ್ತದೆ. ಮನಸ್ಸಿನಲ್ಲಿ ರಾಗ, ದ್ವೇಷ, ಮದಗಳನ್ನು ಕಲಕುವಂಥದನ್ನು ಕೇಳುವುದು ದುಃಶ್ರುತಿ. ಓದುವುದೂ ನೋಡುವುದೂ ಅದರಲ್ಲಿಯೇ ಸೇರುತ್ತವೆ. ವಿಕಥೆಗಳು ನಾಲ್ಕೆಂದು ಹೇಳುವಾಗ ಪ್ರಾಚೀನರು ಸ್ತ್ರೀಕಥೆ, ಭೋಜನದ ಕಥೆ, ರಾಷ್ಟ್ರಕಥೆ, ರಾಜಕಥೆಗಳನ್ನು ಹೆಸರಿಸಿದರು. ಇಂದು ಮೊಬೈಲಿನ ಪರದೆಯನ್ನು ಬೆರಳಿನಿಂದ ಸರಿಸುತ್ತ ಹೋದರೆ ಕಾಣುವುದು ಈ ನಾಲ್ಕೇ: ನಟಿಯರ ಸುದ್ದಿ, ತಿಂಡಿಯ ಚಿತ್ರಗಳು, ದೇಶದೇಶಗಳ ಜಗಳ, ಆಳುವವರ ಬೈಗುಳ. ಮೂರು ಗಂಟೆ ಇದನ್ನು ನೋಡಿ ಎದ್ದವನಿಗೆ ವಿಶ್ರಾಂತಿ ಸಿಕ್ಕಿರುವುದಿಲ್ಲ. ಕಣ್ಣು ದಣಿದಿರುತ್ತದೆ, ಮನಸ್ಸು ಕೆರಳಿರುತ್ತದೆ.

ಹಾಗೆಂದು ಓದುವುದೆಲ್ಲವೂ ಸಿದ್ಧಾಂತ ಗ್ರಂಥವೇ ಆಗಬೇಕಿಲ್ಲ. ವಡ್ಡಾರಾಧನೆಯ ಗದ್ಯವನ್ನು ಮಕ್ಕಳಿಗೆ ಒಂದೊಂದು ಕಥೆಯಾಗಿ ಹೊಸಗನ್ನಡದಲ್ಲಿ ಹೇಳಬಹುದು. 1112ರಲ್ಲಿ ಮುಳುಗುಂದದಲ್ಲಿ ನಯಸೇನನು ರಚಿಸಿದ ಧರ್ಮಾಮೃತದ ಉಪಮಾನಗಳು ಹೊಲ ಮನೆ ಸಂತೆಗಳಿಂದ ಬಂದವು. ಗಟ್ಟಿಯಾಗಿ ಓದಿದರೆ ಮನೆಯ ಹಿರಿಯರೂ ನಗುತ್ತಾರೆ. ಒಳ್ಳೆಯ ಕಾದಂಬರಿ, ಪ್ರವಾಸಕಥನ, ವಿಜ್ಞಾನದ ಪುಸ್ತಕವೂ ಬರಲಿ. ಪುಸ್ತಕ ಮುಚ್ಚಿದ ಮೇಲೆ ಕಷಾಯಗಳು ತಗ್ಗಿವೆಯೋ ಏರಿವೆಯೋ ಎಂಬುದೊಂದೇ ಪರೀಕ್ಷೆ. ಹೊಸ ಪುಸ್ತಕ ಕೊಳ್ಳುವ ಅನುಕೂಲವಿಲ್ಲದವರಿಗೆ ಸಾರ್ವಜನಿಕ ಗ್ರಂಥಾಲಯವಿದೆ. 1965ರ ಕಾಯಿದೆಯಂತೆ ಮನೆಗಂದಾಯದೊಡನೆ ಗ್ರಂಥಾಲಯ ಕರವನ್ನು ಕಟ್ಟುತ್ತಲೇ ಇರುವ ಗೃಹಸ್ಥನು ವರ್ಷಕ್ಕೊಮ್ಮೆಯಾದರೂ ಅದರ ಮೆಟ್ಟಿಲು ಹತ್ತುವುದು ಯುಕ್ತ.

ಯಾರ ವಿಶ್ರಾಂತಿ?

ಇಷ್ಟನ್ನು ಒಪ್ಪಿದವರೂ ಒಂದು ಪ್ರಶ್ನೆಯನ್ನು ಮರೆತುಬಿಡುತ್ತಾರೆ. ತಾರಸಿಯ ಬಿಸಿಲಿನಲ್ಲಿ ಗೃಹಸ್ಥನು ಓದುತ್ತಿರುವಾಗ ಕೆಳಗೆ ಅಡುಗೆಮನೆಯಲ್ಲಿ ಏನು ನಡೆಯುತ್ತಿದೆ? ಹಿತಕಿದ ಅವರೆಬೇಳೆಯ ಸಾರು ಬೆಂಗಳೂರಿನ ಚಳಿಗಾಲದ ದೊಡ್ಡ ಸವಿ. ಕಾಯಿ ಸುಲಿದು, ಹುಳುವಿದೆಯೇ ಎಂದು ಒಂದೊಂದಾಗಿ ನೋಡಿ, ಕಾಳನ್ನು ನೀರಿನಲ್ಲಿ ನೆನೆಸಿ, ಒಂದೊಂದು ಕಾಳನ್ನೂ ಬೆರಳಿನಿಂದ ಹಿಸುಕಿ ಸಿಪ್ಪೆ ತೆಗೆಯಬೇಕು. ಐದಾರು ಮಂದಿಯ ಒಂದು ಊಟಕ್ಕೆ ಹೆಂಗಸರ ಎರಡು ಮೂರು ಗಂಟೆ ಹೋಗುತ್ತದೆ. ಗಂಡನಿಗೆ ರಜೆ, ಮಕ್ಕಳಿಗೆ ರಜೆ, ಬಂದ ನೆಂಟರಿಗೆ ರಜೆ. ಆಕೆಗೆ ಮಾತ್ರ ಕೆಲಸ ಇಮ್ಮಡಿ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತು ಕುದುರೆಗಳ ಮೇಲೆ ತಾಳಲಾರದಷ್ಟು ಹೊರೆ ಹೇರಬಾರದೆಂದು ಅದನ್ನು ವಿವರಿಸುವುದು ವಾಡಿಕೆ. ಎತ್ತಿನ ಬೆನ್ನಿನ ವಿಷಯದಲ್ಲಿ ಸಲ್ಲುವ ದಯೆ ಮನೆಯಾಕೆಯ ಬೆನ್ನಿನ ವಿಷಯದಲ್ಲಿ ಸಲ್ಲದೇ? ಇನ್ನೊಂದು ಅತಿಚಾರ ಅನ್ನಪಾನನಿರೋಧ, ಎಂದರೆ ಹೊತ್ತಿಗೆ ಸರಿಯಾಗಿ ಅನ್ನನೀರು ಸಿಗದಂತೆ ಮಾಡುವುದು. ಎಲ್ಲರಿಗೂ ಬಡಿಸಿ ಮೂರು ಗಂಟೆಗೆ ತಣ್ಣನೆಯ ಊಟ ಮಾಡುವ ತಾಯಿಯನ್ನು ಕಂಡಾಗ ಈ ಮಾತು ನೆನಪಾಗಬೇಕು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಲ್ಲಿಯೂ ಕರ್ಮವು ಅಂಟುತ್ತದೆಂದು ಜೈನಧರ್ಮ ಹೇಳುತ್ತದೆ. ತಾನು ಏನನ್ನೂ ಮಾಡದೆ ಸುಮ್ಮನೆ ಕುಳಿತಿದ್ದೆನೆಂಬುದು ಅಲ್ಲಿ ಸಮಾಧಾನವಾಗಲಾರದು.

ಮನೆಯ ಹೊಸ್ತಿಲಾಚೆಗೂ ಈ ಲೆಕ್ಕ ಸಾಗುತ್ತದೆ. ಚಳಿಯ ರಾತ್ರಿ ಹತ್ತು ಗಂಟೆಗೆ ಮೊಬೈಲಿನಲ್ಲಿ ತಿಂಡಿ ತರಿಸಿಕೊಂಡವನು ತನ್ನ ವ್ರತವನ್ನು ಮುರಿಯುವುದಲ್ಲದೆ, ಮಂಜಿನಲ್ಲಿ ದ್ವಿಚಕ್ರ ಓಡಿಸುವ ಯುವಕನ ನಿದ್ರೆಯನ್ನೂ ಕೊಳ್ಳುತ್ತಾನೆ. ಆ ಯುವಕನಿಗೆ ಅದು ಜೀವನೋಪಾಯ, ಅದನ್ನು ಕಿತ್ತುಕೊಳ್ಳುವುದು ದಯೆಯಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಗಲು ಹೊತ್ತಿನಲ್ಲಿ ತರಿಸಿದರೂ ಅವನ ಸಂಪಾದನೆ ನಡೆಯುತ್ತದೆ. ಬೇಕಾದುದಕ್ಕೂ ಬೇಡವಾದುದಕ್ಕೂ ಇರುವ ಅಂತರವನ್ನು ಕಾಣುವುದೇ ಇಲ್ಲಿ ಮುಖ್ಯ. ಬೇಕರಿಯ ಮೊಟ್ಟೆರಹಿತ ಕೇಕಿನ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ಜೈನ ಗ್ರಾಹಕರು ತಪ್ಪದೆ ನೋಡುತ್ತಾರೆ. ಅದು ಮಾಂಸ ಮೊಟ್ಟೆಗಳಿಲ್ಲವೆಂದು ಹೇಳುತ್ತದೆಯೇ ಹೊರತು ಜೇನು, ಕಂದಮೂಲಗಳಿಲ್ಲವೆಂದು ಹೇಳುವುದಿಲ್ಲ. ತಯಾರಿಸಿದವನ ಬೆವರಿನ ವಿಷಯವನ್ನಂತೂ ಹೇಳುವುದೇ ಇಲ್ಲ. ಚುಕ್ಕೆಯ ಆಚೆಗೂ ನೋಡುವ ಕಣ್ಣು ಶ್ರಾವಕನಿಗಿರಬೇಕು.

ಆದ್ದರಿಂದ ಚಳಿಗಾಲದ ರಜೆಗೆ ನಿಯಮ ಹಿಡಿಯುವವರು ಅದರಲ್ಲಿ ಇತರರ ವಿಶ್ರಾಂತಿಯನ್ನೂ ಸೇರಿಸಿಕೊಳ್ಳುವುದು ಉಚಿತ. ಅವರೆಕಾಳನ್ನು ಮನೆಮಂದಿಯೆಲ್ಲ ಸುತ್ತ ಕುಳಿತು ಹಿಸುಕಲಿ. ಒಬ್ಬರು ಕಥೆ ಓದಲಿ, ಉಳಿದವರ ಕೈಗಳು ಕೆಲಸ ಮಾಡಲಿ. ಒಂದು ದಿನ ಗಂಡಸರೇ ಸರಳವಾದ ಅಡುಗೆ ಮಾಡಿ, ಮನೆಯಾಕೆ ಬಿಸಿಲಿನಲ್ಲಿ ಪುಸ್ತಕ ಹಿಡಿಯಲಿ. ಮನೆಗೆಲಸದಾಕೆಗೆ ಸಂಬಳ ಮುರಿಯದೆ ಎರಡು ದಿನ ಬಿಡುವು ಕೊಡುವುದೂ, ಆಕೆಯ ಮಕ್ಕಳ ಕೈಗೆ ಎರಡು ಪುಸ್ತಕ ಇಡುವುದೂ ಚತುರ್ವಿಧ ದಾನದ ಒಂದು ಅಂಗವಾದ ಶಾಸ್ತ್ರದಾನದ ಆಶಯಕ್ಕೆ ಹೊಂದುವಂಥವು. ರಾತ್ರಿಯ ಕಾವಲುಗಾರನಿಗೆ ಹಳೆಯದಲ್ಲದ ಒಂದು ಕಂಬಳಿ ಸಿಗಲಿ. ಮಾರ್ಗಶಿರ ಬಹುಳದಲ್ಲಿ ಬರುವ ಪಾರ್ಶ್ವನಾಥ ತೀರ್ಥಂಕರರ ಜನ್ಮಕಲ್ಯಾಣವು ಸಾಮಾನ್ಯವಾಗಿ ಈ ರಜೆಯ ಆಸುಪಾಸಿನಲ್ಲಿಯೇ ಇರುತ್ತದೆ. ಆ ದಿನದ ಉಪವಾಸ ಅಥವಾ ಏಕಾಶನದಿಂದ ಒಲೆಗೂ ಒಂದು ದಿನದ ಬಿಡುವು ದೊರೆಯುತ್ತದೆ.

ರಜೆ ಮುಗಿದು ಜನವರಿಯ ಮೊದಲ ಸೋಮವಾರ ಬಾಗಿಲು ತಟ್ಟಿದಾಗ ಮನೆಯಲ್ಲಿ ಯಾರು ಯಾರು ದಣಿವಾರಿಸಿಕೊಂಡಿದ್ದಾರೆ ಎಂದು ನೋಡಿದರ ಸಾಕು. ಒಬ್ಬನೇ ಚೇತರಿಸಿಕೊಂಡು ಉಳಿದವರು ಬಳಲಿದ್ದರೆ ಅದು ಪ್ರಮಾದ. ಎಲ್ಲರೂ ಹಗುರಾಗಿದ್ದು, ಯಾರ ಮನಸ್ಸೂ ಕಳೆದ ಸುಖಕ್ಕಾಗಿ ಕೊರಗದೆ, ಓದಿದ ಒಂದೆರಡು ಮಾತು ನಾಲಗೆಯ ಮೇಲೆ ಉಳಿದಿದ್ದರೆ ಅದು ವಿಶ್ರಾಂತಿ. ಅಂತಹ ವಿಶ್ರಾಂತಿಯು ಪ್ರತಿಯೊಂದು ಶ್ರಾವಕ ಕುಟುಂಬಕ್ಕೂ ಲಭಿಸಲಿ.